ಚಿತ್ತಯ್ಯನ ಲೆಕ್ಕದ ಪೆಟ್ಟಿಗೆ

ಮೊನ್ನೆ ನನ್ನ ಮೊಮ್ಮಗಳು ಸಿರಿ ತಾನೇ ಜೋಡಿಸಿದ ಕಂಪ್ಯೂಟರು ಚಾಲೂ ಆಗಲಿಲ್ಲ. ಒಂದು ತಿಂಗಳಿಂದ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿಕೊಂಡು, ಚಿತ್ರದುರ್ಗದ ನಮ್ಮ ಮನೆಯ ನಡುಮನೆಯಲ್ಲಿ ಹರಡಿಕೊಂಡು, ಯಾರೂ ದಾಟಬಾರದು, ಯಾರೂ ಕಸ ಗುಡಿಸಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ಎಲ್ಲ ಸೇರಿಸಿ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದಳು, ಮತ್ತೆ ಅದೇ. ಪರದೆ ಕಪ್ಪಗೇ ಉಳಿಯಿತು. ನಾನು ಟಾರ್ಚು ಹಿಡಿದು ಹತ್ತಿರ ಹೋದರೆ, "ಅಜ್ಜಿ, ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು" ಅಂದಳು.

ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಗ್ಗಿದೆ. ಬಗ್ಗಿದ ಕೂಡಲೇ ಮೂಗಿಗೆ ಬಡಿದದ್ದು ಕಂಬಳಿಯ ವಾಸನೆ. ನೆಲ ತಣ್ಣಗಿದೆ ಎಂದು ಹುಡುಗಿ ನನ್ನ ಟ್ರಂಕಿನಲ್ಲಿದ್ದ ಕರಿಕಂಬಳಿಯನ್ನು ತೆಗೆದು ಹಾಸಿ, ಅದರ ಮೇಲೇ ಕೂತು, ಅದರ ಮೇಲೇ ಸಾಮಾನು ಹರಡಿ ಜೋಡಿಸಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳಿಗೆ ಸಿಟ್ಟು ಬಂತು.

"ನಗ್ಬೇಡ ಅಜ್ಜಿ. ಏನಾಗಿದೆ ಹೇಳು."

"ಹೇಳ್ತೀನಿ ಕೂತ್ಕ. ಮೊದ್ಲು ಈ ಕಂಬಳಿ ನನ್ನ ಹತ್ರ ಹೆಂಗೆ ಬಂತು ಅಂತ ಕೇಳು."

ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಮೂರು. ಹೊಳಲ್ಕೆರೆಯ ಕಿರಾಣಿ ಅಂಗಡಿಯವರ ಮಗಳು. ಬಿ.ಎಸ್ಸಿ. ಮುಗಿಸಿ, ಹೊಸದುರ್ಗದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದ್ದೆ. ಆ ಕಾಲಕ್ಕೆ ಬಿ.ಎಸ್ಸಿ. ಓದಿದ ಹೆಣ್ಣುಮಗಳೆಂದರೆ ತಾಲ್ಲೂಕು ಆಫೀಸಿನ ಮುಂದೆ ನಡೆದುಹೋದರೂ ಜನ ತಿರುಗಿ ನೋಡುತ್ತಿದ್ದರು. ನನಗೂ ಅದು ತಲೆಗೇರಿತ್ತು, ಸುಳ್ಳು ಯಾಕೆ ಹೇಳಲಿ. ಮೂಗಿನ ತುದಿಯಲ್ಲೇ ಕೋಪ, ನಾಲಗೆಯ ತುದಿಯಲ್ಲೇ ಮಾತು. ಮಕ್ಕಳು ನನಗೆ ಒಣಮೆಣಸಿನಕಾಯಿ ಟೀಚರ್ ಎಂದು ಹೆಸರಿಟ್ಟಿದ್ದು ಆಮೇಲೆ ಗೊತ್ತಾಯಿತು.

ಆ ಸ್ಕೂಲಿನಲ್ಲಿ ಲ್ಯಾಬು ಅಂತ ಒಂದು ಕೋಣೆ ಇತ್ತು. ಅದಕ್ಕೊಬ್ಬ ಅಟೆಂಡರ್, ಚಿತ್ತಯ್ಯ. ನಲವತ್ತು ದಾಟಿದ, ಒಣಕಲು ಮೈಯ, ಕಡಿಮೆ ಮಾತಿನ ಮನುಷ್ಯ. ಊರಿಂದ ಎರಡು ಮೈಲಿ ದೂರದ ಹಟ್ಟಿಯವನು. ಹದಿನಾರು ವರ್ಷದವರೆಗೆ ಅಪ್ಪನ ಹಿಂದೆ ಕುರಿ ಕಾದು, ಆಮೇಲೆ ಯಾರೋ ಪುಣ್ಯಾತ್ಮರು ಸ್ಕೂಲಿನಲ್ಲಿ ಕೆಲಸಕ್ಕೆ ಹಚ್ಚಿದ್ದರಂತೆ. ಲ್ಯಾಬಿನ ಬೀಗದಕೈಯನ್ನು ಅವನು ಜೇಬಿನಲ್ಲಿ ಇಡುತ್ತಿರಲಿಲ್ಲ, ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಬೆಳಿಗ್ಗೆ ಬಂದು ಬಾಗಿಲು ತೆಗೆಯುವ ಮುಂಚೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಂದು ಗಾಜಿನ ಕೊಳವೆಯೂ ಅವನ ಕೈಯಲ್ಲಿ ಒಡೆದದ್ದನ್ನು ನಾನು ಕಾಣೆ. ಕೆಟ್ಟ ವೋಲ್ಟ್‌ಮೀಟರನ್ನು ಬಿಚ್ಚಿ, ಒಳಗಿನ ಕೂದಲಿನಂಥ ಸುರುಳಿಯನ್ನು ನೆಟ್ಟಗೆ ಮಾಡಿ, ಮತ್ತೆ ಮುಚ್ಚಿಡುತ್ತಿದ್ದ. ಯಾರು ಕಲಿಸಿದರು ಎಂದು ಕೇಳಿದರೆ, "ನೋಡ್ಕಂಡ್ ಮಾಡಿದ್ನಿ ಮೇಡಮ್ಮ" ಎನ್ನುತ್ತಿದ್ದ.

ದೀಪಾವಳಿ ಕಳೆದ ವಾರ ಹೆಡ್‌ಮಾಸ್ತರ್ ಶಿವಲಿಂಗಪ್ಪನವರು ನನ್ನನ್ನು ಕರೆಸಿದರು. ಸಂಕ್ರಾಂತಿಯ ಹೊತ್ತಿಗೆ ಚಿತ್ರದುರ್ಗದಲ್ಲಿ ಜಿಲ್ಲೆಯ ಸ್ಕೂಲುಗಳ ವಿಜ್ಞಾನ ಪ್ರದರ್ಶನ. "ಪ್ರತೀ ವರ್ಷ ಜ್ವಾಲಾಮುಖಿ ಮಾಡ್ತೀವಮ್ಮ. ಮಣ್ಣಿನ ಗುಡ್ಡ ಮಾಡಿ ಒಳಗೆ ಪಟಾಕಿ ಮದ್ದು ಹಾಕೋದು. ಈ ಸಲಾನೂ ಅದೇ ಆಗ್ಲಿ" ಅಂದರು.

ನಾನು ಒಪ್ಪಲಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಟೆಲಿಫೋನಿನ ರಿಲೇಗಳಿಂದ ಕೂಡುವ ಲೆಕ್ಕ ಮಾಡುವ ಯಂತ್ರ ಕಟ್ಟಬಹುದೆಂದು ಓದಿ, ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ರಿಲೇ ಎಂದರೆ ದೊಡ್ಡ ಸಂಗತಿಯೇನಲ್ಲ. ತಂತಿಯ ಸುರುಳಿಯಲ್ಲಿ ಕರೆಂಟು ಹರಿದರೆ ಅದು ಅಯಸ್ಕಾಂತವಾಗಿ ಒಂದು ಕಬ್ಬಿಣದ ತುಂಡನ್ನು ಟಕ್ ಎಂದು ಎಳೆಯುತ್ತದೆ. ಆಗ ಎರಡು ಲೋಹದ ತುದಿಗಳು ಒಂದಕ್ಕೊಂದು ಮುಟ್ಟಿ ಬೇರೊಂದು ದಾರಿಯಲ್ಲಿ ಕರೆಂಟು ಬಿಡುತ್ತವೆ. ಅಷ್ಟೇ. ಇಂಥವನ್ನು ಸರಿಯಾಗಿ ಹೆಣೆದರೆ ಲೆಕ್ಕ ಬರುತ್ತದೆ ಎಂದು ಪತ್ರಿಕೆ ಹೇಳಿತ್ತು. ನಮ್ಮ ಜಿಲ್ಲೆಯಲ್ಲಿ ಆಗ ಕಂಪ್ಯೂಟರ್ ಎಂಬ ಹೆಸರು ಕೇಳಿದವರೇ ಬೆರಳೆಣಿಕೆ. ನಾವು ಅದನ್ನು ಲೆಕ್ಕದ ಪೆಟ್ಟಿಗೆ ಎಂದೇ ಕರೆದೆವು.

ಹೆಡ್‌ಮಾಸ್ತರು ಅರೆಮನಸ್ಸಿನಿಂದ ಹೂಂ ಅಂದರು. ಒಂದು ಭಾನುವಾರ ನಾನು, ಚಿತ್ತಯ್ಯ ಹಿರಿಯೂರಿಗೆ ಹೋಗಿ, ಹೆದ್ದಾರಿ ಪಕ್ಕದ ಗುಜರಿ ಅಂಗಡಿಯಲ್ಲಿ ಹಳೆ ರಿಲೇಗಳ ರಾಶಿಯನ್ನು ಕೆದಕಿದೆವು. ನಾನು ಸೆರಗು ಸಿಕ್ಕಿಸಿಕೊಂಡು ನಿಂತದ್ದನ್ನು ಲಾರಿ ಡ್ರೈವರುಗಳು ಬಾಯಿಬಿಟ್ಟುಕೊಂಡು ನೋಡಿದರು. ಚಿತ್ತಯ್ಯ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಒತ್ತಿ, ಟಕ್ ಎಂಬ ಸದ್ದು ಕೇಳಿ, ಬೇಕಾದ್ದನ್ನು ಆರಿಸಿದ. ಬಸ್ಸಿನಲ್ಲಿ ಬರುವಾಗ ಗೋಣಿಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

ಅವನಿಗೆ ಈ ಲೆಕ್ಕ ಹೇಗೆ ಅರ್ಥ ಮಾಡಿಸುವುದು ಎಂಬುದೇ ನನ್ನ ಚಿಂತೆಯಾಗಿತ್ತು. ಈ ಯಂತ್ರಕ್ಕೆ ಒಂಬತ್ತರವರೆಗೆ ಎಣಿಸಲು ಬರುವುದಿಲ್ಲ. ಇದೆ, ಇಲ್ಲ, ಎರಡೇ ಗೊತ್ತು. ಕಪ್ಪುಹಲಗೆಯ ಮೇಲೆ ಒಂದು ಗಂಟೆ ಬರೆದೆ. ಅವನು ಕೈಕಟ್ಟಿ ನಿಂತು ಕೇಳಿದ. ಕೊನೆಗೆ ಮೆಲ್ಲಗೆ, "ಇದು ನಮ್ಮಪ್ಪನ ಗುಳಿ ಲೆಕ್ಕ ಅಲ್ವಾ ಮೇಡಮ್ಮ?" ಅಂದ.

"ಯಾವ ಗುಳಿ?"

ಅಂಗಳಕ್ಕೆ ಕರೆದುಕೊಂಡು ಹೋಗಿ, ಬೆರಳಿಂದ ಸಾಲಾಗಿ ಗುಳಿ ತೋಡಿದ. ಸಂಜೆ ಕುರಿಗಳು ಮುಳ್ಳುಬೇಲಿಯ ರೊಪ್ಪಕ್ಕೆ ಬರುವಾಗ ಅವನ ಅಪ್ಪ ಬಾಗಿಲಲ್ಲಿ ಕೂತು ಹೀಗೆ ಎಣಿಸುತ್ತಿದ್ದನಂತೆ. ಒಂದು ಕುರಿ ಬಂದರೆ ಮೊದಲ ಗುಳಿಗೆ ಒಂದು ಕಲ್ಲು. ಒಂದು ಗುಳಿಯಲ್ಲಿ ಎರಡು ಕಲ್ಲು ಇರಕೂಡದು. ಎರಡನೆಯದು ಬಂದರೆ ಆ ಗುಳಿ ಖಾಲಿ ಮಾಡಿ, ಪಕ್ಕದ ಗುಳಿಗೆ ಒಂದು ಕಲ್ಲು. ಅಲ್ಲೂ ಎರಡಾದರೆ ಅದನ್ನೂ ಖಾಲಿ ಮಾಡಿ ಅದರ ಪಕ್ಕದ್ದಕ್ಕೆ ಒಂದು. "ಮೊದಲ್ನೇದು ಒಂದು ಕುರಿ, ಎರಡ್ನೇದು ಎರಡು, ಮೂರ್ನೇದು ನಾಕು, ಆಮ್ಯಾಕೆ ಎಂಟು. ಏಳು ಗುಳಿ ಇದ್ರೆ ನೂರು ದಾಟ್ತೈತೆ. ಒಂದು ಮುಷ್ಟಿ ಕಲ್ಲು ಸಾಕು ಮೇಡಮ್ಮ."

ನಾನು ಕಾಲೇಜಿನಲ್ಲಿ ಮೂರು ವಾರ ಒದ್ದಾಡಿ ಕಲಿತದ್ದನ್ನು ಅವನ ಅಪ್ಪ ರೊಪ್ಪದ ಬಾಗಿಲಲ್ಲಿ ಕೂತು ಮಾಡುತ್ತಿದ್ದ. ದೀಪ ಹತ್ತಿದರೆ ಗುಳಿಯಲ್ಲಿ ಕಲ್ಲಿದೆ, ಆರಿದ್ದರೆ ಗುಳಿ ಖಾಲಿ ಎಂದಷ್ಟೇ ಹೇಳಿದೆ. ಅಲ್ಲಿಂದ ಮುಂದೆ ಅವನೇ ಯಂತ್ರ ಕಟ್ಟಿದ, ನಾನು ಚಿತ್ರ ಹಿಡಿದು ಪಕ್ಕದಲ್ಲಿ ನಿಂತೆ.

ಸ್ಕೂಲಿನಲ್ಲಿ ಬಿಡುವು ಸಿಗುತ್ತಿರಲಿಲ್ಲ. ಹಾಗಾಗಿ ಕೆಲಸವೆಲ್ಲ ಹಟ್ಟಿಯಲ್ಲಿ, ಚಿತ್ತಯ್ಯನ ಮನೆಯ ಜಗಲಿಯ ಮೇಲೆ ನಡೆಯಿತು. ನಾನು ಪ್ರತಿ ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ನಡೆದುಕೊಂಡೇ ಹೋಗುತ್ತಿದ್ದೆ. ತೆಂಗಿನ ತೋಟಗಳು ಮುಗಿದರೆ ಕಟಾವಾದ ರಾಗಿ ಹೊಲಗಳು, ಅಲ್ಲಿಂದಾಚೆ ಬಯಲು. ಆ ವರ್ಷ ಚಳಿ ಜೋರಾಗಿತ್ತು. ಹಟ್ಟಿಗೆ ಕರೆಂಟು ಇರಲಿಲ್ಲ. ಇದ್ದಿಲ ಒಲೆಯಲ್ಲಿ ಬೆಸುಗೆ ಕೋಲನ್ನು ಕಾಯಿಸಿ, ರಾಳದಲ್ಲಿ ಚುಯ್ ಎನ್ನಿಸಿ, ಚಿತ್ತಯ್ಯ ಒಂದೊಂದೇ ತಂತಿ ಅಂಟಿಸುತ್ತಿದ್ದ. ನಾನು ಚಳಿಗೆ ಒಲೆಯ ಹತ್ತಿರ ಸರಿಯುತ್ತಿದ್ದೆ. ಅವನ ತಾಯಿ ಕರಿಯಮ್ಮ ಗೋಡೆಗೆ ಒರಗಿ ಕೂತು ಉಣ್ಣೆ ನೂಲುತ್ತಾ, "ಏನ್ ತಾಯಿ, ನಿಮ್ಮ ಪೆಟ್ಟಿಗಿ ಕುರಿ ಎಣಿಸ್ತೈತಾ?" ಎಂದು ಕೇಳುವಳು. "ಎಣಿಸ್ತೈತವ್ವ" ಎಂದರೆ, "ನಮ್ ಕುರಿ ಅದ್ರ ಮಾತು ಕೇಳ್ತಾವಾ?" ಎಂದು ಬೊಚ್ಚುಬಾಯಲ್ಲಿ ನಗುವಳು.

ಒಂದು ಸೋಮವಾರ ಹೆಡ್‌ಮಾಸ್ತರು ಸ್ಟಾಕ್ ರಿಜಿಸ್ಟರ್ ಹಿಡಿದು ಲ್ಯಾಬಿಗೆ ಬಂದರು. ವೋಲ್ಟ್‌ಮೀಟರ್ ಇಲ್ಲ. ತಂತಿ ಸುರುಳಿ ಇಲ್ಲ. ಇಕ್ಕಳ ಇಲ್ಲ. ಎಲ್ಲ ಹಟ್ಟಿಯ ಜಗಲಿಯ ಮೇಲಿತ್ತು. ತೆಗೆದುಕೊಂಡು ಹೋಗೆಂದವಳು ನಾನೇ. ಅದನ್ನು ಹೇಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಲೇ ಚಿತ್ತಯ್ಯ, ಸರ್ಕಾರದ ಸಾಮಾನು ಹಟ್ಟಿಗೆ ಹೊತ್ಕಂಡು ಹೋಗೋನಿಗೆ ಲ್ಯಾಬಿನ ಬೀಗದಕೈ ಯಾಕೆ? ಮ್ಯಾಲಿಂದ ಇನ್‌ಸ್ಪೆಕ್ಷನ್ ಬಂದಿದ್ರೆ ನನ್ನ ಗತಿ ಏನು? ನೋಡು, ಹೇಳಿಬಿಡ್ತೀನಿ. ಪ್ರದರ್ಶನದಾಗೆ ನಿನ್ನ ಪೆಟ್ಟಿಗೆ ನಡೆದ್ರೆ ಸರಿ. ನಡೀಲಿಲ್ಲ ಅಂದ್ರೆ ಬೀಗದಕೈ ನನ್ ಕೈಗೆ ಕೊಟ್ಟು, ಗೇಟಿನತ್ರ ಗಂಟೆ ಹೊಡ್ಕಂಡಿರು."

ಶಿವಲಿಂಗಪ್ಪನವರು ಕೆಟ್ಟವರಲ್ಲ. ರಿಜಿಸ್ಟರಿಗೆ ಹೆದರುವ ಮನುಷ್ಯ. ಆದರೆ ಆ ಮಾತು ಕೇಳಿ ಚಿತ್ತಯ್ಯನ ಕೈ ಅವನಿಗೇ ಗೊತ್ತಿಲ್ಲದ ಹಾಗೆ ಸೊಂಟದ ಬೀಗದಕೈಗೆ ಹೋದದ್ದನ್ನು ನಾನು ನೋಡಿದೆ. ಗಂಟೆ ಹೊಡೆಯುವುದು ಕೀಳು ಕೆಲಸವಲ್ಲ. ಆದರೆ ಆ ಕೋಣೆಯೊಳಗೆ ಮಾತ್ರ ಅವನು ತಲೆ ಎತ್ತಿ ನಡೆಯುತ್ತಿದ್ದ. ನಾನು ಕನಿಕರಕ್ಕೆ, "ಹೆದರಬ್ಯಾಡ್ರಿ ಚಿತ್ತಯ್ಯ, ನಾನಿದೀನಿ" ಅಂದೆ.

ಪ್ರದರ್ಶನಕ್ಕೆ ಎರಡು ದಿನವಿರುವಾಗ ಪೆಟ್ಟಿಗೆ ತಯಾರಾಯಿತು. ಮೇಲ್ಗಡೆ ಎರಡು ಸಾಲು ಸ್ವಿಚ್ಚು, ಒಂದೊಂದು ಸಾಲು ಒಂದೊಂದು ಅಂಕಿಗೆ. ಮುಂದೆ ಐದು ಸಣ್ಣ ಬಲ್ಬು. ಒಳಗೆ ಸಾಲಾಗಿ ರಿಲೇಗಳು. ಎಲ್ಲಕ್ಕಿಂತ ಮೊದಲು ದೊಡ್ಡದೊಂದು ರಿಲೇ. ಶುರುವಿನ ಗುಂಡಿ ಒತ್ತಿದರೆ ಅದು ಟಕ್ಕೆಂದು ಮಿಕ್ಕವಕ್ಕೆಲ್ಲ ಕರೆಂಟು ಬಿಡಬೇಕು. ಲಾರಿಯ ಹಳೆ ಬ್ಯಾಟರಿ ಎರಡನ್ನು ಜೋಡಿಸಿ, ಮೂರು ಮತ್ತು ಎರಡು ಕೂಡಿಸಿದೆವು. ಟಕ್, ಟಕಟಕ. ಮೊದಲನೆಯ ಬಲ್ಬು ಹತ್ತಿತು, ಎರಡನೆಯದು ಇಲ್ಲ, ಮೂರನೆಯದು ಹತ್ತಿತು. ಒಂದು ಮತ್ತು ನಾಲ್ಕು, ಐದು! ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ. ಹಟ್ಟಿಯ ಅರ್ಧ ಜನ ಜಗಲಿಯ ಮುಂದೆ ನೆರೆದರು. ಕರಿಯಮ್ಮ ನೂಲುವುದನ್ನು ನಿಲ್ಲಿಸಿ ಎದ್ದು ಬಂದು ದೀಪಗಳಿಗೆ ಕೈಮುಗಿದಳು.

ಅಲ್ಲಿಗೇ ಎಲ್ಲ ಮುಗಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ನಾನು ಹಟ್ಟಿಗೆ ಹೋಗುವಷ್ಟರಲ್ಲಿ ಪೆಟ್ಟಿಗೆ ಕಂಬಳಿಯ ಗದ್ದಿಗೆಯ ಮೇಲೆ ಕೂತಿತ್ತು. ಹಟ್ಟಿಯವರು ದೇವರನ್ನು ಕೂರಿಸುವುದು ಕರಿಕಂಬಳಿಯ ಮೇಲೆ. ಯಾವ ಒಳ್ಳೆಯ ಕೆಲಸ ಶುರು ಮಾಡಿದರೂ ಮೊದಲು ಕಂಬಳಿ ಹಾಸಬೇಕು. ಕರಿಯಮ್ಮ ತಾನೇ ಉಣ್ಣೆ ನೂತು, ನೇಯಿಸಿ, ಯಾರೂ ಹೊದೆಯದ ಹಾಗೆ ಎತ್ತಿಟ್ಟಿದ್ದ ಹೊಸ ಕಂಬಳಿಯನ್ನು ತೆಗೆದಿದ್ದಳು. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ತಿಕ್ಕಿ ಗಟ್ಟಿ ಮಾಡಿರುತ್ತಾರೆ, ಹಲಗೆಯ ಹಾಗೆ ನಿಲ್ಲುತ್ತದೆ. ಅವಳು ಒಂದು ತೆಂಗಿನಕಾಯಿ ಒಡೆದು, ಊದುಬತ್ತಿ ಬೆಳಗಿ, "ಬಸ್ಸಿನಾಗೆ ಕುಲುಕಾಡ್ತೈತೆ ಕಣಪ್ಪ, ಬೆಚ್ಚಗೆ ಸುತ್ಕಂಡು ಹೋಗು" ಎಂದು ಅದೇ ಕಂಬಳಿಯಿಂದ ಪೆಟ್ಟಿಗೆಯನ್ನು ಬಿಗಿಯಾಗಿ ಸುತ್ತಿಕೊಟ್ಟಳು. ಪೆಟ್ಟಿಗೆಗೆ ಹಿಂದುಗಡೆ ಮುಚ್ಚಳವಿರಲಿಲ್ಲ. ನಾನು ಬಿ.ಎಸ್ಸಿ. ಓದಿದವಳು, ಪಕ್ಕದಲ್ಲೇ ನಿಂತು ನೋಡಿದೆ. ಎಷ್ಟು ಮುತುವರ್ಜಿ ಎಂದು ಮೆಚ್ಚಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಹೆಡ್‌ಮಾಸ್ತರು ಕಾದಿದ್ದರು. ಚಿತ್ತಯ್ಯ ಪೆಟ್ಟಿಗೆ ಇಳಿಸಿ, ಉಡಿದಾರದಿಂದ ಬೀಗದಕೈ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಚಾಚಿದ. "ನಡೆದ್ರೆ ಕೊಡ್ರಿ ಸಾರ್. ಇಲ್ದಿದ್ರೆ ನೀವೇ ಇಟ್ಕಳ್ರಿ." ಅವರು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಹೊಳಲ್ಕೆರೆ ದಾಟಿ ಚಿತ್ರದುರ್ಗ ಮುಟ್ಟುವವರೆಗೆ ಚಿತ್ತಯ್ಯ ಕಂಬಳಿಯ ಗಂಟನ್ನು ತಬ್ಬಿಕೊಂಡು ಕೂತಿದ್ದ. ಹಿಂದಿನ ಸೀಟಿನ ಹೆಂಗಸು, "ಏನಪ್ಪ, ಕೂಸಿಗೆ ಜ್ವರನಾ?" ಎಂದು ಕೇಳಿದಳು.

ಪ್ರದರ್ಶನ ನಡೆದದ್ದು ಒಂದು ಸ್ಕೂಲಿನ ದೊಡ್ಡ ಹಾಲಿನಲ್ಲಿ. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಕಿಟಕಿಯಲ್ಲಿ ಗಾಳಿ ನುಗ್ಗುತ್ತಿತ್ತು. ನಮ್ಮ ಮೇಜಿನ ಎಡಕ್ಕೂ ಬಲಕ್ಕೂ ಜ್ವಾಲಾಮುಖಿ. ಹೆಡ್‌ಮಾಸ್ತರು ಒಂದು ದಪ್ಪ ನುಣುಪಾದ ಕಾರ್ಡಿನ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ನಿಲ್ಲಿಸಿದರು: 'ಲೆಕ್ಕ ಮಾಡುವ ವಿದ್ಯುತ್ ಯಂತ್ರ. ತಯಾರಿಸಿದವರು: ಕು. ಗಿರಿಜಾ, ಬಿ.ಎಸ್ಸಿ.' ನಾನು ಅದನ್ನು ಓದಿದೆ. ಚಿತ್ತಯ್ಯನೂ ಓದಿದ. ನಾನು ಏನೂ ಹೇಳಲಿಲ್ಲ. ಹೇಳಲಿಲ್ಲ ಮಾತ್ರವಲ್ಲ, ಒಳಗೊಳಗೇ ಖುಷಿಪಟ್ಟೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಂಬಳಿ ಬಿಚ್ಚಿ, ಪೆಟ್ಟಿಗೆಯನ್ನು ಮೇಜಿಗೇರಿಸಿ, ಬ್ಯಾಟರಿ ಜೋಡಿಸಿ, ಗುಂಡಿ ಒತ್ತಿದೆ. ದೊಡ್ಡ ರಿಲೇ ಟಕ್ ಎಂದಿತು. ಆಮೇಲೆ ಸದ್ದಿಲ್ಲ. ಒಂದು ದೀಪವೂ ಹತ್ತಲಿಲ್ಲ. ಮತ್ತೆ ಒತ್ತಿದೆ. ಟಕ್. ಅಷ್ಟೇ.

ಬ್ಯಾಟರಿಯ ತುದಿಗಳನ್ನು ಉಜ್ಜಿದೆವು. ವೋಲ್ಟ್‌ಮೀಟರ್ ಹಚ್ಚಿದರೆ ಬ್ಯಾಟರಿ ಗಟ್ಟಿಯಾಗಿದೆ. ಸ್ವಿಚ್ಚುಗಳನ್ನು ಒಂದೊಂದಾಗಿ ನೋಡಿದೆವು, ಸರಿ ಇವೆ. ಬಲ್ಬುಗಳನ್ನು ತೆಗೆದು ನೇರ ಬ್ಯಾಟರಿಗೆ ಮುಟ್ಟಿಸಿದರೆ ಝಗ್ಗನೆ ಹತ್ತುತ್ತವೆ. ಹಾಗಾದರೆ ಬೆಸುಗೆ! ಬಸ್ಸಿನ ಕುಲುಕಾಟಕ್ಕೆ ಎಲ್ಲೋ ಬೆಸುಗೆ ಬಿಟ್ಟಿದೆ. ನನಗೆ ಬೇರೇನೂ ಹೊಳೆಯಲಿಲ್ಲ. ಪರೀಕ್ಷಕರು ಆಗಲೇ ಹಾಲಿನ ಆ ತುದಿಯಲ್ಲಿ ಮೊದಲ ಮೇಜಿನ ಮುಂದಿದ್ದರು. ನನ್ನ ತಾಳ್ಮೆ ತಪ್ಪಿತು.

"ಇದ್ದಿಲ ಒಲೇಲಿ ಬೆಸುಗೆ ಹಾಕಿದ್ರೆ ಇನ್ನೇನಾಗುತ್ತೆ! ಅರ್ಧಂಬರ್ಧ ಕಚ್ಚಿದೆ. ಆರು ವಾರ ಮಾಡಿದ್ದೆಲ್ಲ ಮಣ್ಣುಪಾಲು ಮಾಡಿದ್ರಲ್ಲ ಚಿತ್ತಯ್ಯ!"

ಸುತ್ತಲಿನ ಮೇಜಿನವರೆಲ್ಲ ತಿರುಗಿ ನೋಡಿದರು. ಚಿತ್ತಯ್ಯ ತಲೆ ತಗ್ಗಿಸಿ ನಿಂತ. ಹೆಡ್‌ಮಾಸ್ತರರ ಕೈ ಕೋಟಿನ ಜೇಬಿನ ಮೇಲೆ ಹೋಯಿತು. "ನಾನು ಆವಾಗ್ಲೇ ಹೇಳಿದ್ದೆ, ಜ್ವಾಲಾಮುಖಿ ಮಾಡಾಣ ಅಂತ" ಎಂದರು.

ಒಂದು ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದೆ. ಈ ಬೆಸುಗೆ, ಬಲ್ಬು ಹತ್ತಿತು. ಆ ಬೆಸುಗೆ, ಹತ್ತಿತು. ಎಲ್ಲ ಹತ್ತಿದವು. ಅವನು ಹಾಕಿದ ಬೆಸುಗೆಗಳಲ್ಲಿ ಒಂದೂ ಬಿಟ್ಟಿರಲಿಲ್ಲ. ಬೈದ ಮಾತನ್ನು ನುಂಗಲೂ ಆಗದೆ, ಕಾರಣವೂ ತಿಳಿಯದೆ, ಸಿಟ್ಟಿಗೆ ಗುಂಡಿಯನ್ನು ಮೇಲಿಂದ ಮೇಲೆ ಒತ್ತಿದೆ. ಟಕ್ ಟಕ್ ಟಕ್ ಟಕ್. ರಿಲೇಯ ತುದಿಗಳ ನಡುವೆ ಸಣ್ಣ ಕಿಡಿ ಮಿಣಕ್ಕೆಂದಿತು. ಸುಟ್ಟ ವಾಸನೆ ಬಂತು.

"ಅಯ್ಯೋ, ಸುರುಳಿ ಸುಟ್ಟೋಯ್ತು! ತೆಗೀರಿ, ಬ್ಯಾಟ್ರಿ ತೆಗೀರಿ!" ಎಂದು ಕೂಗಿದೆ.

ಚಿತ್ತಯ್ಯ ತೆಗೆಯಲಿಲ್ಲ. ಪೆಟ್ಟಿಗೆಯ ಹಿಂದೆ ಬಗ್ಗಿ, ಮೂಗನ್ನು ರಿಲೇಯ ಹತ್ತಿರ ಇಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. ಆಮೇಲೆ ಇನ್ನೊಂದು ಸಲ. ತಲೆ ಎತ್ತಿದಾಗ ಅವನ ಮುಖವೇ ಬೇರೆಯಾಗಿತ್ತು.

"ತಂತಿ ಸುಟ್ಟ ವಾಸ್ನೆ ಅಲ್ಲ ಮೇಡಮ್ಮ ಇದು. ಕುರಿ ಕೂದ್ಲು."

"ಏನು?"

"ಕುರಿ ಕೂದ್ಲು ಸುಟ್ಟಿದ್ದು. ಹುಟ್ಟಿದಾಗಿಂದ ಮೂಸೀನ್ರೀ, ನಂಗೆ ಗೊತ್ತಾಗಲ್ವಾ? ಕಂಬ್ಳಿ ಕೂದ್ಲು ಒಳಗೆ ಹೊಕ್ಕೈತೆ."

ಟಾರ್ಚು ಹಿಡಿದು ನೋಡಿದೆ. ಕಪ್ಪು ರಿಲೇಯ ಮೇಲೆ ಕಪ್ಪು ಎಳೆ, ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ತುದಿಗಳು ಒಂದಕ್ಕೊಂದು ಮುಟ್ಟುವ ಜಾಗದಲ್ಲಿ, ಉಗುರಿನಷ್ಟೂ ಇಲ್ಲದ ಉಣ್ಣೆಯ ಎಳೆಗಳು. ಅವುಗಳ ಸುತ್ತ ಒಣಗಿದ ಹುಣಸೆ ಗಂಜಿಯ ಪುಡಿ. ಬೆಳಗಿನಿಂದ ಬಸ್ಸು ಕುಲುಕಿದಷ್ಟೂ ಹೊಸ ಕಂಬಳಿ ಎಳೆ ಉದುರಿಸಿತ್ತು. ರಿಲೇ ಟಕ್ಕೆನ್ನುತ್ತಿತ್ತು, ತುದಿಗಳು ಮುಟ್ಟುತ್ತಿರಲಿಲ್ಲ. ದೊಡ್ಡದರಲ್ಲಿ ಮಾತ್ರವಲ್ಲ, ಎಲ್ಲದರಲ್ಲೂ.

ಊದಿದರೆ ಹೋಗುವುದಿಲ್ಲ, ಗಂಜಿಯ ಅಂಟು. ಬಟ್ಟೆ ತೂರುವುದಿಲ್ಲ, ತೂರಿದರೂ ಇನ್ನಷ್ಟು ಎಳೆ ಬಿಡುತ್ತದೆ. ಚಿತ್ತಯ್ಯ ಸುತ್ತ ನೋಡಿದ. "ನುಣ್ಣನೆ ಗಟ್ಟಿ ಕಾಗದ ಬೇಕು ಮೇಡಮ್ಮ. ತುದಿ ನಡುವೆ ಇಟ್ಟು, ಒತ್ತಿ ಹಿಡ್ದು ಎಳೆದ್ರೆ ಒರೆಸ್ಕಂಡು ಬತ್ತೈತೆ."

ಮೇಜಿನ ಮೇಲೆ ಅಂಥದ್ದು ಒಂದೇ ಇತ್ತು, ನನ್ನ ಹೆಸರಿನ ಕಾರ್ಡು. ತೆಗೆದುಕೊಂಡು ಪರ್ರನೆ ಹರಿದೆ.

"ಏ ಏ ಏ! ಏನಮ್ಮ ಇದು! ಅದು ಕಾರ್ಡು!" ಎಂದು ಹೆಡ್‌ಮಾಸ್ತರು ಎರಡೂ ಕೈ ಎತ್ತಿದರು.

"ಇನ್ನೊಂದು ಬರೀರಿ ಸಾರ್. ಈ ಸಲ ಸರಿಯಾಗಿ ಬರೀರಿ" ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ, ಬಾಯಿಂದ ಹಾಗೇ ಬಂತು.

ಕಾರ್ಡನ್ನು ಬೆರಳಗಲದ ಪಟ್ಟಿಗಳಾಗಿ ಹರಿದು ಹರಿದು ಕೊಟ್ಟೆ. ಚಿತ್ತಯ್ಯ ರಿಲೇಯ ತುದಿಗಳ ನಡುವೆ ತೂರಿಸಿ, ಕಿರುಬೆರಳಿಂದ ಒತ್ತಿ, ಮೆಲ್ಲಗೆ ಎಳೆಯುತ್ತಿದ್ದ. ಪ್ರತಿ ಪಟ್ಟಿಯ ಮೇಲೂ ಕಂದುಬಣ್ಣದ ಗೀರು, ಅದರಲ್ಲಿ ಒಂದೆರಡು ಕರಿ ಎಳೆ. ಕುರಿಯ ಕಾಲಿನ ಮುಳ್ಳು ತೆಗೆಯುವವನ ಕೈ ಅದು, ಅವಸರವಿಲ್ಲ, ನಡುಕವಿಲ್ಲ. ಪರೀಕ್ಷಕರು ಮೂರು ಮೇಜಿನಾಚೆ, ಆಮೇಲೆ ಎರಡು. ಪಕ್ಕದ ಜ್ವಾಲಾಮುಖಿ ಭುಸ್ಸೆಂದು ಹೊಗೆ ಬಿಟ್ಟಿತು. ಅವರು ಕೆಮ್ಮುತ್ತಾ ನಮ್ಮ ಮೇಜಿಗೆ ಬಂದರು. ಕೊನೆಯ ಪಟ್ಟಿ ಆಗಷ್ಟೇ ಚಿತ್ತಯ್ಯನ ಕೈಯಲ್ಲಿತ್ತು.

"ಇದೇನು?" ಎಂದರು ಅವರಲ್ಲಿ ಹಿರಿಯರು. ದಪ್ಪ ಕನ್ನಡಕದ, ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು. "ಕಾರ್ಡು ಎಲ್ಲಿ?"

"ಕೂಡೋ ಲೆಕ್ಕ ಮಾಡೋ ಯಂತ್ರ ಸಾರ್. ಕಾರ್ಡು ಈಗ ಬರುತ್ತೆ" ಎಂದೆ.

ಅವರು ಹುಬ್ಬೇರಿಸಿದರು. "ಹೌದಾ? ಹದಿಮೂರು, ಹನ್ನೊಂದು ಕೂಡಿಸಿ ನೋಡಾಣ."

ಚಿತ್ತಯ್ಯ ಒಂದು ಸಾಲಿನಲ್ಲಿ ಹದಿಮೂರಕ್ಕೆ, ಇನ್ನೊಂದರಲ್ಲಿ ಹನ್ನೊಂದಕ್ಕೆ ಸ್ವಿಚ್ಚು ಹಾಕಿದ. ಗುಂಡಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ.

ಟಕ್. ಆಮೇಲೆ ಟಕಟಕಟಕಟಕ, ಒಂದರ ಬೆನ್ನಿಗೆ ಒಂದು.

ಕಣ್ಣು ಬಿಟ್ಟರೆ ಕೊನೆಯ ಎರಡು ದೀಪ ಉರಿಯುತ್ತಿದ್ದವು. ಮೊದಲ ಮೂರು ಆರಿದ್ದವು. ಪರೀಕ್ಷಕರಲ್ಲೊಬ್ಬರು, "ಮೂರು ಹತ್ತಲೇ ಇಲ್ವಲ್ಲ, ಕೆಟ್ಟಿದೆ ಅನ್ಸುತ್ತೆ" ಎಂದು ಪುಸ್ತಕದಲ್ಲಿ ಏನೋ ಬರೆಯಹೋದರು.

"ಕೆಟ್ಟಿಲ್ಲ ಸಾರ್. ಆ ಗುಳಿ ಖಾಲಿ ಇರ್ಬೇಕು" ಎಂದ ಚಿತ್ತಯ್ಯ.

ಅವನು ಹಾಗೆ ದೊಡ್ಡವರ ಮುಂದೆ ತಾನಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕಿಟಕಿಯಾಚೆಯಿಂದ ಒಂದು ಹಿಡಿ ಬೆಣಚುಕಲ್ಲು ತಂದು, ಸೀಮೆಸುಣ್ಣದಿಂದ ನೆಲದ ಮೇಲೆ ಐದು ದುಂಡು ಬರೆದು, ಕುಕ್ಕರಗಾಲಲ್ಲಿ ಕೂತ. "ಕುರಿ ಬತ್ತಾ ಅವೆ ಅಂತ ತಿಳ್ಕಳ್ರಿ ಸಾರ್. ಇದು ಒಂದು ಕುರಿದು. ಇದು ಎಲ್ಡು, ಇದು ನಾಕು, ಇದು ಎಂಟು, ಇದು ಹದ್ನಾರು. ಒಂದು ಗುಳಿಯಾಗೆ ಎರಡು ಕಲ್ಲು ಇರಂಗಿಲ್ಲ." ಹದಿಮೂರು ಕುರಿಗೆ ಕಲ್ಲಿಟ್ಟ. ಅದರ ಮೇಲೆ ಹನ್ನೊಂದು ಕುರಿ ಬಂದವು. ಕಲ್ಲುಗಳು ಗುಳಿಯಿಂದ ಗುಳಿಗೆ ಸರಿದು ಸರಿದು, ಕೊನೆಗೆ ಮೊದಲ ಮೂರು ಖಾಲಿಯಾದವು, ಕೊನೆಯ ಎರಡರಲ್ಲಿ ಒಂದೊಂದು ಕಲ್ಲು ಉಳಿಯಿತು. "ಎಂಟು, ಹದ್ನಾರು. ಇಪ್ಪತ್ನಾಕು. ನೀವು ಕೇಳಿದ್ದು ಇಪ್ಪತ್ನಾಕೇ ಅಲ್ರಾ ಸಾರ್?"

ಗಣಿತದ ಮೇಷ್ಟ್ರು ಪಂಚೆ ಸರಿಮಾಡಿಕೊಂಡು ಅವನೆದುರಿಗೆ ನೆಲದ ಮೇಲೇ ಕೂತುಬಿಟ್ಟರು. "ಇನ್ನೊಂದ್ಸಲ ಮಾಡಪ್ಪ" ಎಂದರು. ಅವರು ಅಂಕಿ ಹೇಳುವುದು, ಚಿತ್ತಯ್ಯ ಕಲ್ಲು ಇಡುವುದು, ನಾನು ಪೆಟ್ಟಿಗೆಯ ಗುಂಡಿ ಒತ್ತುವುದು. ಒಂದು ಸಲವೂ ಕಲ್ಲಿಗೂ ದೀಪಕ್ಕೂ ವ್ಯತ್ಯಾಸ ಬರಲಿಲ್ಲ. ನಮ್ಮ ಮೇಜಿನ ಸುತ್ತ ಜನ ಕಿಕ್ಕಿರಿದರು. ಜ್ವಾಲಾಮುಖಿಯವರೂ ಬಂದರು. ಪ್ರತಿ ಸಲ ಉತ್ತರ ಬಂದಾಗಲೂ ಹಾಲಿನಲ್ಲಿ ಹೋ ಎಂಬ ಕೂಗು.

ಕೊನೆಗೆ ಮೇಷ್ಟ್ರು ಎದ್ದು, "ಯಾರು ಮಾಡಿದ್ದು ಇದನ್ನ?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆಯೇ ಹೆಡ್‌ಮಾಸ್ತರು ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. ಕೈಯಲ್ಲಿ ಹೊಸ ಕಾರ್ಡು. ಎಲ್ಲಿಂದ ತಂದರೋ, ಯಾವಾಗ ಬರೆದರೋ, ಶಾಯಿ ಇನ್ನೂ ಆರಿರಲಿಲ್ಲ. 'ತಯಾರಿಸಿದವರು: ಶ್ರೀ ಚಿತ್ತಯ್ಯ, ಪ್ರಯೋಗಾಲಯ.' ಅಟೆಂಡರ್ ಎಂದು ಬರೆದಿರಲಿಲ್ಲ, ಪ್ರಯೋಗಾಲಯ ಎಂದಷ್ಟೇ. ಅದನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಆಮೇಲೆ ಕೋಟಿನ ಜೇಬಿಗೆ ಕೈಹಾಕಿ, ಎಲ್ಲರೆದುರಿಗೆ ಬೀಗದಕೈ ತೆಗೆದು, "ತಗಳಪ್ಪ. ಇದು ನನ್ ಜೇಬಿನಾಗಿದ್ರೆ ಲ್ಯಾಬ್ ತೆಗೆಯೋರು ಯಾರು?" ಎಂದರು. ಚಿತ್ತಯ್ಯ ಅದನ್ನು ಕಣ್ಣಿಗೊತ್ತಿಕೊಂಡು, ಅಲ್ಲೇ ಅಂಗಿ ಎತ್ತಿ ಉಡಿದಾರಕ್ಕೆ ಕಟ್ಟಿಕೊಂಡ. ನನಗೆ ಅಳು ಬಂತು. ಯಾರಿಗೂ ಕಾಣದಿರಲೆಂದು ಜ್ವಾಲಾಮುಖಿಯ ಹೊಗೆಯ ಕಡೆ ತಿರುಗಿಕೊಂಡೆ.

ಮೊದಲ ಬಹುಮಾನ ನಮಗೇ ಬಂತು. ವಾಪಸು ಬಸ್ಸಿನಲ್ಲಿ ಪೆಟ್ಟಿಗೆಯನ್ನು ಹೆಡ್‌ಮಾಸ್ತರರ ಹೊಸ ಟವೆಲಿನಲ್ಲಿ ಸುತ್ತಿದೆವು, ಕಂಬಳಿಯನ್ನು ಬೇರೆ ಮಡಿಸಿಟ್ಟೆವು. ನಾನು ಚಿತ್ತಯ್ಯನ ಪಕ್ಕ ಕೂತು, "ತಪ್ಪಾಯ್ತು ಚಿತ್ತಯ್ಯ. ನಿಮ್ಮ ಬೆಸುಗೆ ಒಂದೂ ಬಿಟ್ಟಿರಲಿಲ್ಲ" ಎಂದೆ. ಯಾರ ಹತ್ತಿರವೂ ನಾನು ತಪ್ಪಾಯ್ತು ಎಂದವಳಲ್ಲ. ಅವನು ನಕ್ಕ. "ಮೇಡಮ್ಮ, ಒಂದ್ ಮಾತು. ಅವ್ವನಿಗೆ ಕೂದ್ಲಿನ ವಿಚಾರ ಹೇಳಬ್ಯಾಡ್ರಿ" ಎಂದ.

ಹಟ್ಟಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಕುರಿಗಳು ರೊಪ್ಪಕ್ಕೆ ಬರುತ್ತಿದ್ದವು. ಕರಿಯಮ್ಮ ಜಗಲಿಯಿಂದ ಇಳಿದು ಬಂದು ಮಗನ ಮುಖ ನೋಡಿದಳು, ಸೊಂಟ ನೋಡಿದಳು, ಬೀಗದಕೈ ಕಂಡಿತು. ಅವಳಿಗೆ ಬೇರೇನೂ ಕೇಳಬೇಕಾಗಿರಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು.

"ನಂಗೊತ್ತಿತ್ತು ತಾಯಿ. ಕಂಬ್ಳಿ ಮ್ಯಾಲೆ ಕುಂದ್ರಿಸಿ ಕಳಿಸಿದ್ನಲ್ಲ, ಅದ್ಕೇ ಅಲ್ವಾ ಗೆದ್ದಿದ್ದು?"

ತಪ್ಪು ಉತ್ತರ ಕೇಳಿದರೆ ಕೆಂಡವಾಗುತ್ತಿದ್ದ ಒಣಮೆಣಸಿನಕಾಯಿ ಟೀಚರ್ ನಾನು. ಚಿತ್ತಯ್ಯ ರೊಪ್ಪದ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

"ಹೂಂ ಅವ್ವ. ನಿನ್ನ ಕಂಬಳಿ ಇಲ್ದಿದ್ರೆ ಚಿತ್ತಯ್ಯ ಯಾರು ಅಂತ ಚಿತ್ರದುರ್ಗಕ್ಕೆ ಗೊತ್ತಾಗ್ತಿರಲಿಲ್ಲ" ಎಂದೆ. ಹೇಳಿದ ಮೇಲೆ ಅದು ನಿಜವೇ ಎಂದು ಹೊಳೆಯಿತು.

"ಹಂಗಾದ್ರೆ ಇದು ನಿಂಗೇ ಇರ್ಲಿ" ಎಂದು ಕರಿಯಮ್ಮ ಆ ಕಂಬಳಿಯನ್ನು ನನ್ನ ಹೆಗಲಿಗೆ ಹೊದಿಸಿದಳು.

ಇಷ್ಟನ್ನು ಕೇಳಿ ಸಿರಿ ತಾನು ಕೂತಿದ್ದ ಕಂಬಳಿಯನ್ನೊಮ್ಮೆ, ಬಿಚ್ಚಿಟ್ಟ ಕಂಪ್ಯೂಟರಿನ ಪೆಟ್ಟಿಗೆಯನ್ನೊಮ್ಮೆ ನೋಡಿದಳು. ಮೆಮರಿಯ ಪಟ್ಟಿಯನ್ನು ಕಳಚಿ, ಅದು ಕೂರುವ ಸಂದಿಯೊಳಗೆ ಟಾರ್ಚಿನ ಬೆಳಕು ಬಿಟ್ಟು ನೋಡಿ, ಮೆಲ್ಲಗೆ ಕೈ ಚಾಚಿದಳು.

"ಅಜ್ಜಿ, ಒಂದು ಗಟ್ಟಿ ಕಾರ್ಡು ಕೊಡು."